ನೆರಳಲ್ಲಿ ಕಟ್ಟಿದ ಮೊಗ್ಗು

ಸೊಸೆ ಸರಪಳಿಯ ಕೊಂಡಿಯೊಂದನ್ನು ಮೇಲಕ್ಕೆ ಸಿಕ್ಕಿಸಿ ದೀಪವನ್ನು ಸ್ವಲ್ಪ ಎತ್ತರಕ್ಕೆ ಏರಿಸಿದಳು. ಆಮೇಲೆ ತನ್ನ ಕೈಯ ಹಿಂಬದಿಯನ್ನು ಗಿಡದ ನೆತ್ತಿಯ ಮೇಲೆ ಹಿಡಿದು ಸುಮ್ಮನೆ ನಿಂತಳು. ಜ್ವರ ಬಂದ ಮಗುವಿನ ಹಣೆ ನೋಡುವಾಗ ತಾಯಂದಿರು ಹಾಗೆ ನಿಲ್ಲುತ್ತಾರೆ.

"ಬಿಸಿ ಇದೆಯಾ?" ಮೀಟರಕ್ಕ ಕೇಳಿದಳು.

"ನನ್ನ ಕೈಗೆ ಸಾಕು ಅನ್ನಿಸಿದರೆ ಎಲೆಗೆ ಜಾಸ್ತಿ ಆಗಿದೆ ಅಂತಲೇ ಅರ್ಥ ಅಕ್ಕ. ಅದಕ್ಕೆ ಬಾಯಿ ಇಲ್ಲವಲ್ಲ. ಅಂಚು ದೋಣಿ ಹಾಗೆ ಮೇಲಕ್ಕೆ ಮಡಚಿಕೊಳ್ಳುತ್ತೆ. ಅಷ್ಟೇ ಅದರ ದೂರು."

ಸೊಸೆ ಮುಂದಿನ ಗಿಡಕ್ಕೆ ಸರಿದಳು. ಮೀಟರಕ್ಕ ಸ್ಟೂಲು ಎತ್ತಿಕೊಂಡು ಹಿಂದೆ ಹೋದಳು.

ಈ ಕೋಣೆಯ ಸೇವಂತಿಗೆ ಯಾಕೆ ಮೊಗ್ಗು ಕಟ್ಟುತ್ತಿಲ್ಲ ಎಂದು ಪತ್ತೆ ಮಾಡಲು ಅವಳು ಬಂದು ವಾರವಾಗಿತ್ತು. ವಿದ್ಯುತ್ ಕಚೇರಿಯ ಕೆಲಸದಲ್ಲಿ ಅರ್ಧ ಆಯುಷ್ಯ ಮನೆ ಮನೆಗೆ ಹೋಗಿ ಮೀಟರು ಓದಿದವಳು. ಆ ಕೆಲಸ ಬಿಟ್ಟ ಮೇಲೂ ಹೆಸರು ಬಿಡಲಿಲ್ಲ. ಪೊಲೀಸರ ಬಳಿ ಹೇಳಲಾಗದ, ಹೇಳದಿದ್ದರೆ ಎದೆಯಲ್ಲಿ ಕೊಳೆಯುವ ವಿಷಯಗಳನ್ನು ಜನ ಅವಳಿಗೆ ಹೇಳುತ್ತಿದ್ದರು.

ಈ ಸಲ ಕರೆದವಳು ಈ ಮನೆಯ ಹಿರಿಯಮ್ಮ. ಜೀವಮಾನವಿಡೀ ಸೇವಂತಿಗೆಗೆ ಸೇವಂತಿಗೆ ಕೂಡಿಸಿ ಹೊಸ ಬಣ್ಣ ಹುಟ್ಟಿಸಿದವಳು. ಈಗ ಅವಳ ಕೊನೆಯ ತಳಿಯೊಂದು ಹೂ ಬೆಳೆಗಾರರ ಸಂಘದ ಪರೀಕ್ಷಕರ ಕಣ್ಣಿಗೆ ಬೀಳಬೇಕಿತ್ತು. ತಿಂಗಳ ಕೊನೆಗೆ ಅವರು ಬರುತ್ತಾರೆ. ತೋರಿಸಲು ಹೂವೇ ಇಲ್ಲ.

"ಕೋಣೆ ನೋಡಿಕೊಳ್ಳೋಳು ಸೊಸೆ," ಎಂದಿದ್ದಳು ಹಿರಿಯಮ್ಮ ಮೊದಲ ದಿನವೇ. "ತಪ್ಪು ಅವಳದ್ದಾದರೆ ಕೀಲಿ ಕಿರಿಮಗನ ಕೈಗೆ ಹೋಗುತ್ತೆ. ಸೊಸೆ ಅಂತ ನಾನು ನೋಡಲ್ಲ."

ಕಿರಿಮಗ ಕೀಲಿ ಸಿಕ್ಕ ಮರುದಿನವೇ ದೀಪ ಕಳಚಿಸಿ, ಜಾಗವನ್ನು ಬಾಡಿಗೆಗೆ ಬಿಡುತ್ತಾನೆ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸೊಸೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅವಳ ಕೈ ನಡುಗುತ್ತಿರಲಿಲ್ಲ. ವಾರದಿಂದ ಮೀಟರಕ್ಕ ಆ ಕೈಯನ್ನೇ ನೋಡುತ್ತಿದ್ದಳು.

ಹಿಂದೆ ನೂಲಿನ ಗೋದಾಮಾಗಿದ್ದ ಕೋಣೆ ಅದು. ಕಿಟಕಿ ಒಂದೂ ಇಲ್ಲ. ನೆಲದ ಹತ್ತಿರದ ಕಿಂಡಿಯಿಂದ ತಣ್ಣನೆಯ ಗಾಳಿ ಒಳಗೆ ಬರುತ್ತದೆ, ಗಿಡಗಳ ಮಧ್ಯೆ ಏರಿ ಬಿಸಿಯಾಗುತ್ತದೆ, ಸೂರಿನ ಕೆಳಗಿನ ದೊಡ್ಡ ಫ್ಯಾನು ಅದನ್ನು ಎಳೆದು ಹೊರಗೆ ಎಸೆಯುತ್ತದೆ. ನಡುವೆ ಅಲ್ಲಲ್ಲಿ ಸಣ್ಣ ಫ್ಯಾನು. ಪ್ರತಿ ಫ್ಯಾನಿನ ಎದುರು ಸೊಸೆ ತೆಳು ಬಟ್ಟೆಯ ಚೂರೊಂದನ್ನು ಕಟ್ಟಿದ್ದಳು. ಬಟ್ಟೆ ಹೇಗೆ ಹಾರುತ್ತದೋ ನೋಡಿ ಫ್ಯಾನಿನ ಮುಖ ತಿರುಗಿಸುತ್ತಿದ್ದಳು.

"ಎಲೆ ತಲೆ ಅಲ್ಲಾಡಿಸಬೇಕು ಅಕ್ಕ, ಮಾತಿಗೆ ಹೂಂಗುಟ್ಟೋರ ಹಾಗೆ. ದೆವ್ವ ಹಿಡಿದೋರ ಹಾಗಲ್ಲ. ಗಾಳಿ ಇಲ್ಲದೆ ಬೆಳೆದ ಕಾಂಡ ನಾಳೆ ಹೂವಿನ ಭಾರ ಹೊರಲ್ಲ. ಸ್ವಲ್ಪ ಅಲುಗಾಡಿದರೇನೇ ಗಟ್ಟಿಯಾಗೋದು." ಅವಳು ಮೂಲೆಯ ಫ್ಯಾನಿಗೆ ಒಂದು ಏಟು ಕೊಟ್ಟಳು. "ಇದೊಂದು ನಮ್ಮ ಯಜಮಾನರ ಹಾಗೆ. ಸದ್ದು ಜಾಸ್ತಿ, ಗಾಳಿ ಕಮ್ಮಿ."

ಅವಳ ಗಂಡ ಹೂವಿನ ಗಾಡಿಯ ಜೊತೆ ಊರೂರು ತಿರುಗುವವನು. ತಿಂಗಳಿಗೆ ಎರಡು ಸಲ ಮನೆಗೆ ಬಂದರೆ ಹೆಚ್ಚು.

ಮೀಟರಕ್ಕ ನಕ್ಕಳು. ಮೀಟರು ಓದುವ ದಿನಗಳಲ್ಲಿ ಸಾವಿರ ಮನೆಯ ಬಾಗಿಲು ನೋಡಿದ್ದಳು. ಯಾವ ಮನೆಯಲ್ಲಾದರೂ ಒಬ್ಬಳು ಇರುತ್ತಿದ್ದಳು. ಯಾವ ಕಿಟಕಿಯನ್ನು ಎಷ್ಟು ತೆರೆಯಬೇಕು, ಯಾರ ಹಾಸಿಗೆಗೆ ಎಷ್ಟು ಗಾಳಿ ಬೇಕು, ಯಾರಿಗೆ ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದು ತಿಳಿದವಳು. ಅವಳು ಮನೆಯಲ್ಲಿ ಇದ್ದಾಗ ಅದು ಯಾರ ಗಮನಕ್ಕೂ ಬರುವುದಿಲ್ಲ. ಅವಳು ಒಂದು ದಿನ ಇಲ್ಲದಿದ್ದರೆ ಎಲ್ಲರಿಗೂ ತಲೆನೋವು. ಆ ವಿದ್ಯೆಯನ್ನೇ ಈ ಹೆಣ್ಣು ಒಂದು ಗೋದಾಮಿನ ತುಂಬ ಹರಡಿದ್ದಾಳೆ ಅನ್ನಿಸುತ್ತಿತ್ತು.

ಮುಂದಿನ ಕೊಠಡಿಯಲ್ಲಿ ಹಿರಿಯಮ್ಮ ಕುಳಿತು ಸಸಿಯ ತುದಿ ಚಿವುಟುತ್ತಿದ್ದಳು. ಕುಳ್ಳನೆಯ ಮೈ, ನೆತ್ತಿಯ ಮೇಲೆ ಬಿಗಿದು ಕಟ್ಟಿದ ಬಿಳಿ ತುರುಬು. ಸೊಸೆ ಬಾಗಿಲಿನಿಂದ ಕೂಗಿದಳು:

"ಅತ್ತೆ, ಆ ಕೆಂಪು ಬುಟ್ಟಿ ಕೊಡಿ. ಬಾಗಿಲ ಪಕ್ಕ ಇರೋದು."

"ಬುಟ್ಟಿ ಎಲ್ಲಿದೆ ಅಂತ ನನಗೆ ಪಾಠ ಹೇಳು," ಹಿರಿಯಮ್ಮ ಬುಟ್ಟಿ ದಾಟಿಸಿದಳು. "ಇಟ್ಟವಳೇ ನಾನು."

"ಹಳದಿ ದಾರ ಕೂಡ ಅತ್ತೆ. ನಿಮ್ಮ ಬಲಗೈ ಹತ್ತಿರ."

"ನನ್ನ ಬಲಗೈ ಎಲ್ಲಿದೆ ಅಂತಲೂ ಹೇಳಿಬಿಡು, ಪುಣ್ಯ ಬರಲಿ."

ಸೊಸೆ ತುಟಿ ಕಚ್ಚಿ ನಗು ತಡೆದುಕೊಂಡಳು. ಮೂದಲಿಕೆಯೇ ಇವರಿಬ್ಬರ ಮಧ್ಯೆ ಓಡಾಡುವ ಗಾಳಿ ಎಂದು ಮೀಟರಕ್ಕ ಎರಡನೆಯ ದಿನವೇ ಅರ್ಥ ಮಾಡಿಕೊಂಡಿದ್ದಳು.

ಅಷ್ಟರಲ್ಲಿ ಸೊಸೆಯ ಮೈದುನ, ಹಿರಿಯಮ್ಮನ ಕಿರಿಮಗ, ಬಂದ. ಕೈಯಲ್ಲಿ ಶಾಖ ಅಳೆಯುವ ಕಡ್ಡಿ. ಅದನ್ನು ಅವನು ಬಂದೂಕಿನ ಹಾಗೆ ಹಿಡಿದುಕೊಳ್ಳುತ್ತಿದ್ದ.

"ಏನತ್ತಿಗೆ, ಇವತ್ತು ಬೇಯಿಸ್ತಿದ್ದೀರಾ, ಹುರೀತಿದ್ದೀರಾ?"

"ನಿಮ್ಮ ಕಡ್ಡಿ ಏನನ್ನುತ್ತೆ?"

"ಇವತ್ತು ಸರಿ ಇದೆ ಅನ್ನುತ್ತೆ. ಹೋದ ತಿಂಗಳು ಏನಂದಿರುತ್ತಿತ್ತೋ." ಅವನು ಮೀಟರಕ್ಕನ ಕಡೆ ತಿರುಗಿದ. "ಅಕ್ಕಾವರೇ, ಶಾಖ ಏರಿದರೆ ಸೇವಂತಿಗೆ ಮೊಗ್ಗು ತಡ ಆಗುತ್ತೆ. ಇದನ್ನ ಹುಡುಕೋದಕ್ಕೆ ವಾರ ಬೇಕಾ? ಒಂದು ಮಧ್ಯಾಹ್ನ ಇವರು ನಿದ್ದೆ ಹೊಡೆದಿರ್ತಾರೆ, ಫ್ಯಾನು ನಿಂತಿರುತ್ತೆ. ಮುಗೀತು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಶಾಖಕ್ಕೆ ಮೊಗ್ಗು ಹಿಂದೆ ಬೀಳುವುದು ನಿಜ. ಮೊದಲ ಮೂರು ದಿನ ಅವಳೂ ಅದನ್ನೇ ನಂಬಿದ್ದಳು.

ಆದರೆ ಶಾಖ ಯಾವಾಗಲೂ ಮೇಲಕ್ಕೇ ಹೋಗುತ್ತದೆ. ಹೊಸ ತಳಿಯ ಕುಂಡಗಳನ್ನು ಕೋಣೆಯ ಹಿಂದಿನ ಮೂಲೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದರು. ಶಾಖದ ತಪ್ಪಾಗಿದ್ದರೆ ಮೇಲಿನ ಮೆಟ್ಟಿಲ ಗಿಡ ಹಿಂದೆ ಬಿದ್ದು, ಕೆಳಗಿನದು ಮೊಗ್ಗು ಬಿಡಬೇಕಿತ್ತು. ಇಲ್ಲಿ ಹಾಗಿರಲಿಲ್ಲ. ಎಲ್ಲ ಮೆಟ್ಟಿಲಲ್ಲೂ ಬರೀ ಎಲೆ. ನಡುವೆ ಮಾತ್ರ, ಕೆಳಗಿನಿಂದ ಮೇಲಿನವರೆಗೆ, ಒಂದಷ್ಟು ಕುಂಡಗಳಲ್ಲಿ ಮೆಣಸಿನ ಕಾಳಿನಷ್ಟು ಮೊಗ್ಗು.

"ಅಲ್ಲಿ ಗಾಳಿ ಚೆನ್ನಾಗಿ ಬೀಳುತ್ತೇನೋ," ಎಂದಿದ್ದಳು ಸೊಸೆ. ಆದರೆ ಅವಳೇ ಕಟ್ಟಿದ ಬಟ್ಟೆಯ ಚೂರುಗಳು ಅಲ್ಲಿಯೂ ಇಲ್ಲಿಯೂ ಒಂದೇ ಸಮನೆ ಆಡುತ್ತಿದ್ದವು.

ಮೈದುನ ಹೋದ ಮೇಲೆ ಮೀಟರಕ್ಕ ಬಿಳಿ ದಾರದ ಉಂಡೆ ತೆಗೆದಳು. ಕಪ್ಪು ಪರದೆ ಸರಿಸಿ ಮೂಲೆಗೆ ಹೋದಳು. ಹೊಸ ತಳಿಯ ಕತ್ತಲಿಗೆ ಯಾರೂ ಕೈ ಹಾಕಬಾರದೆಂದು ಸೊಸೆ ಆ ಮೂಲೆಯ ಸುತ್ತ ದಪ್ಪ ಕಪ್ಪು ಬಟ್ಟೆ ಇಳಿಬಿಟ್ಟಿದ್ದಳು. ಮೊಗ್ಗಿರುವ ಪ್ರತಿ ಕುಂಡಕ್ಕೂ ಮೀಟರಕ್ಕ ಒಂದು ಎಳೆ ಕಟ್ಟಿದಳು. ಬೆನ್ನು ನೋಯುವವರೆಗೆ ಕಟ್ಟಿದಳು. ಆಮೇಲೆ ಹಿಂದೆ ಹಿಂದೆ ನಡೆದು, ಪರದೆಗೆ ಬೆನ್ನು ತಾಗಿಸಿ ನೋಡಿದಳು.

ಕೆಳಗೆ ಅಗಲ. ಮೇಲೆ ಬರುತ್ತಾ ಕಿರಿದು. ಅದರ ಮೇಲೊಂದು ಗುಂಡಗಿನದು. ಅದರ ನೆತ್ತಿಗೆ ಇನ್ನೊಂದು ಪುಟ್ಟ ಗುಂಡು.

ಇದು ಗಾಳಿಯ ಆಕಾರವಲ್ಲ. ಗಾಳಿಗೆ ಭುಜ ಇರುವುದಿಲ್ಲ.

"ತಂಗಿ," ಅವಳು ಮೆಲ್ಲಗೆ ಕರೆದಳು. "ಈ ಹೂವಿಗೆ ಕತ್ತಲು ಯಾಕೆ ಬೇಕು, ಇನ್ನೊಂದು ಸಲ ಹೇಳು."

ಸೊಸೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಸೇವಂತಿಗೆ ರಾತ್ರಿ ಎಣಿಸುತ್ತೆ ಅಕ್ಕ. ರಾತ್ರಿ ಉದ್ದ ಆದರೆ ಮೊಗ್ಗು ಬಿಡೋ ಕಾಲ ಬಂತು ಅಂದುಕೊಳ್ಳುತ್ತೆ. ನಡುವೆ ಬೆಳಕು ಬಿದ್ದರೆ ಎಣಿಕೆ ತಪ್ಪಿತು. ಇನ್ನೂ ಕಾಲ ಬಂದಿಲ್ಲ ಅಂತ ಎಲೆ ಬಿಡ್ತಾ ಕೂರುತ್ತೆ. ನಮಗೆ ಹೊರಗೆ ಹಗಲಾದಾಗ ಇದಕ್ಕೆ ರಾತ್ರಿ. ದೀಪದ ಶಾಖ, ಬಿಸಿಲಿನ ಶಾಖ ಎರಡೂ ಒಟ್ಟಿಗೆ ಬಂದರೆ ಯಾವ ಫ್ಯಾನೂ ತಡೆಯಲ್ಲ. ಅದಕ್ಕೇ ತಂಪು ಹೊತ್ತಲ್ಲಿ ದೀಪ ಹಚ್ಚಿ, ಬಿಸಿಲು ಹೊತ್ತಲ್ಲಿ ಆರಿಸ್ತೀನಿ."

"ಆ ಕತ್ತಲಲ್ಲಿ ಯಾರಾದರೂ ಒಳಗೆ ಬರಲೇಬೇಕಾದರೆ?"

"ಹಸಿರು ದೀಪ ಹಿಡಿದು ಬರಬೇಕು. ಅಷ್ಟು ಮಂಕು ಹಸಿರಿಗೆ ಗಿಡ ಏಳಲ್ಲ. ಕೆಂಪಾದರೆ ಥಟ್ಟನೆ ಎದ್ದು ಕೂರುತ್ತೆ."

"ಕೆಂಪು ದೀಪ ಮತ್ತೆ ಇಟ್ಟಿರೋದು ಯಾಕೆ?"

"ಮುಂದಿನ ಕೊಠಡಿಯ ತಾಯಿಗಿಡಗಳಿಗೆ. ಅವು ಹೂ ಬಿಡಬಾರದಲ್ಲ, ಎಲೆ ಬಿಟ್ಟರೆ ತಾನೇ ಸಸಿ ತೆಗೆಯೋದು. ಅವುಗಳ ನಿದ್ದೆ ಕೆಡಿಸೋಕೆ ಅಂತಲೇ ಅದು."

ಮೀಟರಕ್ಕ ತಲೆಯಾಡಿಸಿದಳು. "ಈಗ ಹೇಗೂ ಆರಿಸೋ ಹೊತ್ತು. ಆರಿಸು. ಆಮೇಲೆ ಹಸಿರು ದೀಪ ತಂದು ನನ್ನ ಬೆನ್ನ ಹಿಂದೆ ಹಿಡಿದು ನಿಂತುಕೋ. ಒಂದು ಗಳಿಗೆ ಸಾಕು."

ಪರದೆಯ ಹೊರಗಿನ ಗೋಡೆಯಲ್ಲಿ ಎರಡು ಮೊಳೆ. ಎರಡು ದೀಪ, ಅವಳಿ ಮಕ್ಕಳ ಹಾಗೆ ಒಂದೇ ಹಿಡಿ, ಒಂದೇ ತೂಕ. ಗಾಜು ಮಾತ್ರ ಬೇರೆ. ಸೊಸೆ ಬಲಗಡೆಯದನ್ನು ಎತ್ತಿಕೊಂಡಳು. ಕೋಣೆಯ ದೊಡ್ಡ ದೀಪಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಫ್ಯಾನುಗಳ ಉಸಿರು ಮಾತ್ರ ಉಳಿಯಿತು.

ಹಸಿರು ಬೆಳಕು ಬಂತು. ಕೊಳದ ತಳದಲ್ಲಿ ನಿಂತ ಹಾಗಾಯಿತು.

ಮೀಟರಕ್ಕ ಅಲ್ಲೇ ಇದ್ದ ಗಿಡ್ಡ ಮಣೆಯ ಮೇಲೆ ಗಿಡಗಳ ಎದುರು ಕುಳಿತಳು. ಅವಳ ನೆರಳು ಎದುರಿನ ಮೆಟ್ಟಿಲುಗಳ ಮೇಲೆ ಬಿತ್ತು. ಬಿಳಿ ದಾರ ಕಟ್ಟಿದ ಕುಂಡಗಳು ಹೆಚ್ಚುಕಡಿಮೆ ಎಲ್ಲವೂ ಅದರೊಳಗೆ ಮುಚ್ಚಿಹೋದವು. ಅವಳ ಮೈ ಸ್ವಲ್ಪ ಎತ್ತರ. ತಲೆ ಬಗ್ಗಿಸಿದಳು. ಭುಜ ಕುಗ್ಗಿಸಿದಳು. ಈಗ ಸರಿಯಾಗಿ ಕೂತಿತು. ನೆತ್ತಿಯ ಪುಟ್ಟ ಗುಂಡೊಂದನ್ನು ಬಿಟ್ಟು.

ಯಾರೋ ಇಲ್ಲಿ ದೀಪವನ್ನು ಬೆನ್ನ ಹಿಂದೆ ಇಟ್ಟುಕೊಂಡು, ದಿನವೂ ಇದೇ ಮಣೆಯ ಮೇಲೆ, ಇದೇ ಹೊತ್ತಿನಲ್ಲಿ ಕುಳಿತಿದ್ದಾರೆ. ಬೆಳಕು ಬಿದ್ದ ಗಿಡಗಳ ರಾತ್ರಿ ಹರಿದಿದೆ. ನೆರಳು ಬಿದ್ದ ಗಿಡಗಳ ರಾತ್ರಿ ಉಳಿದಿದೆ. ಗಿಡಗಳು ಸಾಕ್ಷಿ ಹೇಳಿವೆ, ಮೊಗ್ಗಿನಲ್ಲಿ ಒಬ್ಬರ ಚಿತ್ರ ಬಿಡಿಸಿ.

ಬೆನ್ನ ಹಿಂದೆ ಹಸಿರು ಬೆಳಕು ಒಮ್ಮೆ ಅಲುಗಿತು. ಇಷ್ಟು ದಿನ ನಡುಗದ ಕೈ ಅದು.

"ಏನು ತಂಗಿ?"

"ಏನಿಲ್ಲ ಅಕ್ಕ. ಕೈ ಸೋತಿತು."

ಇಬ್ಬರೂ ಪರದೆಯ ಹೊರಗೆ ಬಂದರು. ಮೆಟ್ಟಿಲ ಕಡೆಯಿಂದ ಬರುವ ಮಂಕು ಬೆಳಕಿನಲ್ಲಿ ಸೊಸೆ ದೀಪ ಆರಿಸಿ, ಬಲಗಡೆಯ ಮೊಳೆಗೆ ನೇತುಹಾಕಿದಳು. ಅವಳ ಮುಖ ಬೇರೆ ಕಡೆಗಿತ್ತು. ಅಡುಗೆ ನೋಡಬೇಕು ಎಂದು ಮೆಟ್ಟಿಲು ಹತ್ತಿ ಹೋದಳು.

ಮೀಟರಕ್ಕ ಅಲ್ಲೇ ನಿಂತಳು. ತುರುಬು ಯಾರದೆಂದು ಕೇಳುವ ಅಗತ್ಯ ಇರಲಿಲ್ಲ. ಸೊಸೆಯದು ಉದ್ದ ಜಡೆ. ಮೈದುನನ ತಲೆಯಲ್ಲಿ ಕೂದಲೇ ಅಪರೂಪ.

ಅರ್ಥವಾಗದ್ದು ಬೇರೆ. ಕತ್ತಲ ಬೆಲೆ ಈ ಕುಟುಂಬಕ್ಕೆ ಕಲಿಸಿದವಳೇ ಆಕೆ. ಬಂದರೆ ಹಸಿರು ದೀಪ ಹಿಡಿದೇ ಬರುತ್ತಾಳೆ. ಹಸಿರು ದೀಪಕ್ಕೆ ಈ ಗಿಡಗಳು ಏಳುವುದಿಲ್ಲ. ಆದರೆ ಎದ್ದಿವೆ.

ಅವಳು ಎಡಗಡೆಯ ಮೊಳೆಯಿಂದ ಕೆಂಪು ಗಾಜಿನ ದೀಪ ತೆಗೆದು, ಟವೆಲಿನಲ್ಲಿ ಸುತ್ತಿ, ಮಹಡಿಗೆ ಹೋದಳು.

ಹಿರಿಯಮ್ಮ ತನ್ನ ಕೋಣೆಯಲ್ಲಿ ಮಂಚದ ಮೇಲೆ ಕುಳಿತು ಬೀಜ ಆರಿಸುತ್ತಿದ್ದಳು. ಬೆರಳ ತುದಿಯಲ್ಲಿ ಉರುಳಿಸಿ, ಟೊಳ್ಳನ್ನು ಒಂದು ಕಡೆ, ಗಟ್ಟಿಯನ್ನು ಒಂದು ಕಡೆ. ನೋಡುತ್ತಿರಲಿಲ್ಲ.

"ಸಿಕ್ಕಿದರಾ?"

"ಸಿಕ್ಕಿದರು."

"ಯಾರು? ಸೊಸೆಯಾ, ಮಗನಾ? ಮುಚ್ಚುಮರೆ ಬೇಡ. ಯಾರಾದರೂ ನನಗೆ ನೋವೇ."

ಮೀಟರಕ್ಕ ಬಾಗಿಲು ಹಾಕಿದಳು. ಕಿಟಕಿಯ ಪರದೆ ಎಳೆದಳು. ಟವೆಲು ಬಿಚ್ಚಿ ದೀಪ ಹಚ್ಚಿದಳು.

ಕೋಣೆಯೆಲ್ಲ ಕೆಂಪಾಯಿತು. ಹಾಸಿಗೆ, ಗೋಡೆ, ಆ ಬಿಳಿ ತುರುಬು. ಮೀಟರಕ್ಕನಿಗೆ ತನ್ನ ಕೈಗಳು ದಾಳಿಂಬೆ ರಸದಲ್ಲಿ ಅದ್ದಿ ತೆಗೆದ ಹಾಗೆ ಕಂಡವು.

"ಇದು ನೀವು ಬಳಸೋ ದೀಪ ಅಲ್ವಾ ಅಮ್ಮ?"

"ಇದನ್ಯಾಕೆ ಮೇಲೆ ತಂದೆ?" ಹಿರಿಯಮ್ಮ ಗದರಿದಳು. "ಕತ್ತಲಕೋಣೆಯ ಹಸಿರು ದೀಪ ಅದು. ಅದರ ಜಾಗದಲ್ಲೇ ಇರಬೇಕು."

ಮೀಟರಕ್ಕ ದೀಪವನ್ನು ಅವಳ ಮುಂದೆ ಹಾಗೇ ಹಿಡಿದಳು. ಏನು ಹೇಳಿದರೂ ಅದು ಆ ಹೊತ್ತಿಗೆ ಒರಟಾಗುತ್ತಿತ್ತು.

ಹಿರಿಯಮ್ಮನ ಬೆರಳಲ್ಲಿ ಉರುಳುತ್ತಿದ್ದ ಬೀಜ ನಿಂತಿತು. ಅವಳು ದೀಪವನ್ನು ನೋಡಿದಳು. ಮೀಟರಕ್ಕನ ಮುಖ ನೋಡಿದಳು. ಮತ್ತೆ ದೀಪ.

"ಹಸಿರಲ್ವಾ?"

"ಅಲ್ಲ ಅಮ್ಮ."

ಹೊರಗೆ ಯಾರೋ ಬಕೆಟ್ಟು ಇಟ್ಟ ಸದ್ದಾಯಿತು. ಹಿರಿಯಮ್ಮ ಬೀಜದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ ಕಾಣಬೇಕಿತ್ತು. ಹಾಗೆ ಕಾಣಲಿಲ್ಲ. ಹೊರೆಯೊಂದನ್ನು ಕೆಳಗಿಟ್ಟು ನೆಟ್ಟಗೆ ಕೂತವಳ ಹಾಗೆ ಕಂಡಳು.

"ಮೊದಲು ಕೆಂಪು ಹೋಯಿತು," ಎಂದಳು. "ಒಂದೇ ಸಲ ಅಲ್ಲ. ಒಗೆದು ಒಗೆದು ಬಟ್ಟೆ ಬಣ್ಣ ಬಿಡುತ್ತಲ್ಲ, ಹಾಗೆ. ಆಮೇಲೆ ಹಸಿರು. ನರದ ತೊಂದರೆ ಅಂದರು ಡಾಕ್ಟರು. ಅದಕ್ಕೆ ಕನ್ನಡಕ ಇಲ್ಲವಂತೆ."

"ಹೊಸ ತಳಿ ಮಾಡುವಾಗ?"

"ಕೂಡಿಸುವಾಗ ಕಾಣ್ತಿತ್ತು. ಮೊದಲ ಹೂ ಅರಳುವ ಹೊತ್ತಿಗೆ ಕಾಣ್ತಿರಲಿಲ್ಲ." ಅವಳ ತುಟಿಯ ಕೊನೆ ಸ್ವಲ್ಪ ಬಾಗಿತು. "ಸೊಸೆ ಕುಣಿದುಬಿಟ್ಟಳು. ಅತ್ತೆ, ಇದು ಸೂರ್ಯ ಮುಳುಗಿದ ಮೇಲಿನ ಆಕಾಶದ ಬಣ್ಣ, ಇಂಥದ್ದು ಎಲ್ಲೂ ಇಲ್ಲ ಅಂದಳು. ನನಗೆ ಬೂದಿ ಕಂಡಿತು. ಹೌದು ಕಣೇ ಅಂದೆ. ಬಣ್ಣಕ್ಕಾಗಿ ಜೀವ ತೇದವಳು, ನನ್ನ ಬಣ್ಣ ನಾನೇ ನೋಡಲಿಲ್ಲ. ಇದನ್ನ ಯಾರ ಹತ್ತಿರ ಹೇಳಲಿ?"

"ಕತ್ತಲಲ್ಲಿ ಯಾಕೆ ಹೋಗ್ತಿದ್ದಿರಿ?"

"ಬೆಳಕಲ್ಲಿ ಹೋದರೆ ಸೊಸೆ ಇರ್ತಾಳೆ, ಮಗ ಇರ್ತಾನೆ. ಇದು ಹೇಗಿದೆ, ಅದು ಹೇಗಿದೆ ಅಂತ ಕೇಳ್ತಾರೆ. ಮಧ್ಯಾಹ್ನ ಎಲ್ಲರೂ ಮಲಗಿರ್ತಾರೆ. ಹೋಗಿ, ಕಣ್ಣಿಗೆ ಹೊಡೆಯದ ಹಾಗೆ ದೀಪ ಬೆನ್ನ ಹಿಂದೆ ಇಟ್ಟು ಕೂತು, ಒಂದೊಂದೇ ಗಿಡ ಮುಟ್ತೀನಿ. ಎಲೆಯ ಅಂಚು, ಕಾಂಡದ ರೋಮ, ವಾಸನೆ. ಪರೀಕ್ಷಕರು ಬಂದಾಗ ಯಾವ ಕುಂಡ ಎಲ್ಲಿ ಅಂತ ಬೆರಳಿಗೆ ಗೊತ್ತಿರಲಿ ಅಂತ. ಬಣ್ಣ ಕಾಣದವಳ ಬಣ್ಣ ಅಂತ ಗೊತ್ತಾದರೆ ಅವರು ಹೂ ನೋಡಲ್ಲ, ನನ್ನ ಕಣ್ಣು ನೋಡ್ತಾರೆ."

ಮೀಟರಕ್ಕ ದೀಪ ಆರಿಸಿ ಪರದೆ ಸರಿಸಿದಳು. ಮಾಮೂಲಿ ಬೆಳಕು ಒಳಗೆ ಬಂತು. ಈ ಮುದುಕಿಯ ಮಟ್ಟಿಗೆ ಬಣ್ಣವೇನೂ ಬದಲಾಗಲಿಲ್ಲ. ಎಷ್ಟು ದಿನದಿಂದ, ಎಷ್ಟು ಜನರ ಮಧ್ಯೆ, ಎಷ್ಟು ಜಾಣತನದಿಂದ ಈಕೆ ಒಬ್ಬಳೇ ಇದನ್ನು ನಡೆಸಿಕೊಂಡು ಬಂದಿದ್ದಾಳೆ.

"ಒಂದು ಒಳ್ಳೆ ಸುದ್ದಿ ಇದೆ," ಎಂದಳು. "ನೀವು ಕೂತಿದ್ದ ಕಡೆ, ನಿಮ್ಮ ನೆರಳು ಬಿದ್ದ ಗಿಡಗಳು ಮೊಗ್ಗು ಕಟ್ಟಿವೆ. ಪರೀಕ್ಷಕರಿಗೆ ತೋರಿಸೋಕೆ ಅಷ್ಟು ಸಾಕು ಅಂತ ನನಗನ್ನಿಸುತ್ತೆ. ಇನ್ನು ಮೇಲೆ ಕತ್ತಲು ಕೆಡದಿದ್ದರೆ."

"ನನ್ನ ನೆರಳಾ?" ಹಿರಿಯಮ್ಮ ಕಣ್ಣರಳಿಸಿದಳು. ಆಮೇಲೆ ಮೈಯೆಲ್ಲ ಅಲುಗುವ ಹಾಗೆ ಸದ್ದಿಲ್ಲದೆ ನಕ್ಕಳು. "ನಮ್ಮ ಯಜಮಾನರು ಇರೋವರೆಗೂ ಬೈತಿದ್ದರು, ಎಲ್ಲದಕ್ಕೂ ಅಡ್ಡ ಕೂರ್ತೀಯ ಅಂತ. ನೋಡು, ಅಡ್ಡ ಕೂತಿದ್ದೇ ಉಪಕಾರ ಆಯ್ತು."

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಹಿರಿಯಮ್ಮ ಕಣ್ಣು ಒರೆಸಿಕೊಂಡಳು.

"ಸಂಜೆ ಎಲ್ಲರನ್ನೂ ಕೂರಿಸಿ ಹೇಳಿಬಿಡ್ತೀನಿ. ತಪ್ಪು ನನ್ನದು, ಸೊಸೆಯದಲ್ಲ ಅಂತ. ಕೀಲಿ ಅವಳ ಹತ್ತಿರಾನೇ ಇರಲಿ. ಆ ಹುಡುಗಿಗೆ ಒಂದು ಒಳ್ಳೆ ಮಾತು ನಾನು ಇವತ್ತಿನ ತನಕ ಆಡಿಲ್ಲ. ಆದರೆ ಅವಳು ಇಲ್ಲದಿದ್ದರೆ ಆ ಕೋಣೆ ಬರೀ ಗೋದಾಮು. ಅಷ್ಟು ಗೊತ್ತು ನನಗೆ." ಅವಳ ಹುಬ್ಬು ಗಂಟಿಕ್ಕಿತು. "ಒಂದೇ ಒಂದು ನನಗೆ ತಿಳೀತಿಲ್ಲ. ನಾನು ಎಡದ ಮೊಳೆಯಿಂದಲೇ ತಗೊಂಡಿದ್ದು."

"ಏನಂದಿರಿ?"

"ಎಡಕ್ಕೆ ಹಸಿರು, ಬಲಕ್ಕೆ ಕೆಂಪು. ಆ ಮೊಳೆ ಹೊಡೆದವಳೇ ನಾನು. ಕಣ್ಣು ಕೈಕೊಟ್ಟ ಮೇಲೆ ಮೊಳೆಯನ್ನ ನಂಬಿದೀನಿ. ಒಂದು ದಿನವೂ ಬಲಕ್ಕೆ ಕೈ ಹಾಕಿಲ್ಲ."

ಮೀಟರಕ್ಕನ ಕೈಯಲ್ಲಿದ್ದ ದೀಪ ಭಾರವಾಯಿತು. ಅದನ್ನು ಅವಳು ಈಗಷ್ಟೇ ಎಡದ ಮೊಳೆಯಿಂದ ತೆಗೆದಿದ್ದಳು.

ಹಾಗಾದರೆ ಯಾರೋ ದೀಪಗಳನ್ನು ಅದಲು ಬದಲು ಮಾಡಿದ್ದಾರೆ. ಬಣ್ಣ ಕಾಣುವವರಿಗೆ ಅದರಿಂದ ಏನೂ ಆಗುವುದಿಲ್ಲ. ಗಾಜು ನೋಡಿ ತಮಗೆ ಬೇಕಾದ್ದು ತೆಗೆದುಕೊಳ್ಳುತ್ತಾರೆ. ಅದು ಮೋಸ ಮಾಡುವುದು ಒಬ್ಬಳನ್ನು ಮಾತ್ರ.

"ಅಮ್ಮ, ನಿಮ್ಮ ಕಣ್ಣಿನ ವಿಷಯ ಯಾರಿಗೆ ಗೊತ್ತು?"

"ಡಾಕ್ಟರಿಗೆ. ಈಗ ನಿನಗೆ. ಹೆತ್ತ ಮಕ್ಕಳಿಗೆ ಹೇಳಿಲ್ಲ. ಸೊಸೆಗಂತೂ ಇಲ್ಲವೇ ಇಲ್ಲ. ಅವಳಿಗೆ ಗೊತ್ತಾಗಿದ್ದರೆ ಇಷ್ಟು ಹೊತ್ತಿಗೆ ನನ್ನ ಕೈಹಿಡಿದು ನಡೆಸ್ತಿದ್ದಳು."

ಆಗಲೇ ಅಡುಗೆಮನೆಯಿಂದ ಸೊಸೆಯ ಧ್ವನಿ ಬಂತು.

"ಅತ್ತೆ, ಊಟಕ್ಕೆ ಬನ್ನಿ. ನಿಮ್ಮ ಹಸಿರು ಶಾಲು ಕುರ್ಚಿ ಮೇಲೆ ಹಾಕಿದೀನಿ. ಕಿಟಕಿ ಹತ್ತಿರದ ಕುರ್ಚಿ."

"ಕುರ್ಚಿ ಎಲ್ಲಿದೆ ಅಂತ ಹೇಳೋದೊಂದು ಬಾಕಿ ಇತ್ತು," ಹಿರಿಯಮ್ಮ ಗೊಣಗಿದಳು. ಎದ್ದು, ಮಂಚದ ಅಂಚು ಹಿಡಿದು ಬಾಗಿಲ ಕಡೆ ನಡೆದಳು.

ಮೀಟರಕ್ಕ ದೀಪ ಹಿಡಿದು ಮಂಚದ ಮೇಲೆ ಕೂತಳು.

ಕೆಂಪು ಬುಟ್ಟಿ, ಬಾಗಿಲ ಪಕ್ಕದ್ದು. ಹಳದಿ ದಾರ, ಬಲಗೈ ಹತ್ತಿರದ್ದು. ಹಸಿರು ಶಾಲು, ಕಿಟಕಿ ಹತ್ತಿರದ ಕುರ್ಚಿಯಲ್ಲಿ. ಈ ವಾರವೆಲ್ಲ ಕಿವಿಗೆ ಬಿದ್ದ ಮಾತುಗಳು ಒಂದೊಂದಾಗಿ ಹಿಂದಕ್ಕೆ ಬಂದವು. ಬಣ್ಣ ಹೇಳಿದ ಪ್ರತಿ ಸಲವೂ ಸೊಸೆ ಜಾಗ ಹೇಳಿದ್ದಳು. ಒಂದು ಸಲವೂ ತಪ್ಪಿಲ್ಲ. ಕೇಳಿದವರಿಗೆ ಅದು ಅಭ್ಯಾಸ ಅನ್ನಿಸಬೇಕು, ಅತ್ತೆಗೆ ಅಧಿಕಪ್ರಸಂಗ ಅನ್ನಿಸಬೇಕು, ಯಾರಿಗೂ ಕರುಣೆ ಅನ್ನಿಸಬಾರದು. ಅಷ್ಟು ನಯವಾಗಿ.

ಅವಳಿಗೆ ಗೊತ್ತಿದೆ. ಮೊದಲಿನಿಂದ ಗೊತ್ತಿದೆ. ಮುದುಕಿಯ ಮಾನ ಉಳಿಯಲಿ ಎಂದು ಮೂದಲಿಕೆ ತಿಂದುಕೊಂಡು ದಿನವೂ ದಾರಿ ತೋರಿಸುತ್ತಿದ್ದಾಳೆ.

ಇಂಥ ಹೆಣ್ಣನ್ನು ಮೀಟರಕ್ಕ ತನ್ನ ಬದುಕಿನಲ್ಲಿ ಕಂಡಿರಲಿಲ್ಲ. ಹಾಗೆಯೇ, ಈ ಮನೆಯಲ್ಲಿ ದೀಪ ಅದಲು ಬದಲು ಮಾಡಿ ಫಲ ಕಾಣಬಲ್ಲವರು ಬೇರೆ ಯಾರೂ ಅವಳ ಕಣ್ಣಿಗೆ ಬೀಳಲಿಲ್ಲ.

ಮೈದುನನಿಗೆ ಕೀಲಿ ಬೇಕು, ಸರಿ. ಆದರೆ ತಾಯಿಯ ಕಣ್ಣು ಅವನಿಗೆ ಗೊತ್ತಿರಬೇಕಲ್ಲ. ಅಥವಾ ಅವನೂ ಸೊಸೆಯ ಮಾತುಗಳನ್ನು ಕೇಳಿ ಕೇಳಿ ಅರ್ಥ ಮಾಡಿಕೊಂಡಿದ್ದಾನೋ? ಸೊಸೆಯೇ ಮಾಡಿದ್ದರೆ, ಪ್ರಾಣದ ಹಾಗೆ ಸಾಕಿದ ಕೋಣೆಯನ್ನು ಅವಳೇ ಯಾಕೆ ಕೆಡಿಸಿಕೊಂಡಾಳು? ಹೂವೇ ಇಲ್ಲದಿದ್ದರೆ ಪರೀಕ್ಷಕರು ಬರುವುದಿಲ್ಲ. ಪರೀಕ್ಷಕರು ಬರದಿದ್ದರೆ ಅತ್ತೆಯ ಮುಂದೆ ಹೂ ಹಿಡಿದು ಇದು ಯಾವ ಬಣ್ಣ ಎಂದು ಯಾರೂ ಕೇಳುವುದಿಲ್ಲ. ಅಷ್ಟಕ್ಕೆ ಒಬ್ಬಳು ತನ್ನ ಹೆಸರು, ತನ್ನ ಕೋಣೆ ಎರಡನ್ನೂ ಪಣಕ್ಕಿಡುತ್ತಾಳೆಯೇ?

ಆ ಕೈಗಳನ್ನು ವಾರವೆಲ್ಲ ನೋಡಿದ ಮೀಟರಕ್ಕನಿಗೆ, ಇಡಲಾರಳು ಎಂದು ಹೇಳುವ ಧೈರ್ಯ ಬರಲಿಲ್ಲ.

ಇನ್ನೂ ಒಂದಿತ್ತು. ಸೊಸೆ ಹಸಿರು ದೀಪವನ್ನು ಬಲದ ಮೊಳೆಗೆ ನೇತುಹಾಕಿದಾಗ ಅವಳ ಮುಖ ಬೇರೆ ಕಡೆಗಿತ್ತು. ಕೈ ತಾನಾಗಿ ಬಲಕ್ಕೆ ಹೋಗಿತ್ತು. ಖಾಲಿ ಮೊಳೆ ಅದೊಂದೇ ಇದ್ದದ್ದಕ್ಕೋ, ಅಲ್ಲಿಗೇ ಹಾಕಿ ಅಭ್ಯಾಸವಾದದ್ದಕ್ಕೋ?

ಅವಳು ದೀಪವನ್ನು ಮತ್ತೆ ಟವೆಲಿನಲ್ಲಿ ಸುತ್ತಿ, ಎದ್ದು ಊಟದ ಮನೆಗೆ ಬಂದಳು. ಹಿರಿಯಮ್ಮ ಕಿಟಕಿ ಹತ್ತಿರ ಶಾಲು ಹೊದ್ದು ಕುಳಿತಿದ್ದಳು. ಮೀಟರಕ್ಕ ಬಗ್ಗಿ ಅವಳ ಕಿವಿಯಲ್ಲಿ ಹೇಳಿದಳು: "ಸಂಜೆ ಏನೂ ಹೇಳಬೇಡಿ. ಒಂದೆರಡು ದಿನ ತಡೀರಿ. ದೀಪ ಹಿಡಿದು ಕೆಳಗೂ ಹೋಗಬೇಡಿ."

"ಯಾಕೆ?"

"ನಾನು ಕೇಳಿದೆ ಅಂತ."

ಹಿರಿಯಮ್ಮ ಅವಳನ್ನು ಒಂದು ಕ್ಷಣ ನೋಡಿ, ತಲೆಯಾಡಿಸಿದಳು.

"ಅಕ್ಕ, ನೀವೂ ಕೂತುಕೊಳ್ಳಿ," ಸೊಸೆ ತಟ್ಟೆ ತಂದಳು. ಕಣ್ಣು ಕೆಂಪಗಿತ್ತು. ಒಲೆಯ ಹೊಗೆಗೋ ಏನೋ. "ಕೆಳಗೆ ಏನಾದರೂ ತಿಳೀತಾ?"

"ಇನ್ನೂ ಇಲ್ಲ ತಂಗಿ. ಕೈ ತೊಳೆದು ಬರ್ತೀನಿ."

ಮೈದುನ ಎದುರಿನ ಕುರ್ಚಿಯಿಂದ ನಕ್ಕ. "ನಾನು ಹೇಳಿದ್ದೇ ಕೊನೆಗೆ ನಿಜ ಆಗುತ್ತೆ, ನೋಡ್ತಿರಿ ಅಕ್ಕಾವರೇ."

ಮೀಟರಕ್ಕ ಟವೆಲಿನ ಗಂಟು ಹಿಡಿದು ಮೆಟ್ಟಿಲು ಇಳಿದಳು. ಕೆಳಗೆ ಗಿಡಗಳಿಗೆ ರಾತ್ರಿ. ಪರದೆಯ ಆಚೆ ಫ್ಯಾನುಗಳು ಒಂದೇ ಹದದಲ್ಲಿ ಉಸಿರಾಡುತ್ತಿದ್ದವು. ನೆಲದ ಕಿಂಡಿಯಿಂದ ಬಂದ ಗಾಳಿ ಅವಳ ಪಾದವನ್ನು ತಣ್ಣಗೆ ಸವರಿ ಮುಂದೆ ಹೋಯಿತು. ಯಾರ ಕಣ್ಣಿಗೂ ಬೀಳದ, ಇಷ್ಟು ಅಚ್ಚುಕಟ್ಟಾದ ಕೆಲಸ.

ಎರಡು ಮೊಳೆಗಳ ಮುಂದೆ ಅವಳು ಟವೆಲು ಬಿಚ್ಚಿದಳು. ಬಲದ ಮೊಳೆಯಿಂದ ಹಸಿರು ದೀಪ ಇಳಿಸಿದಳು. ಅದನ್ನು ಎಡಕ್ಕೆ, ಅದರ ಹಳೆಯ ಜಾಗಕ್ಕೆ ನೇತುಹಾಕಿದಳು. ಕೆಂಪನ್ನು ಬಲಕ್ಕೆ.

ಈಗ ದೀಪಗಳು ಸರಿಯಾಗಿವೆ. ಗೊತ್ತಿಲ್ಲದೆ ತಪ್ಪು ಮಾಡಿದವರು ಹಾಗೆಯೇ ಬಿಡುತ್ತಾರೆ. ಗೊತ್ತಿದ್ದು ಮಾಡಿದ ಕೈ ಮಾತ್ರ ಅವನ್ನು ಮತ್ತೆ ಬದಲಿಸಲು ಬರುತ್ತದೆ.

ಆ ಕೈ ಯಾರದಾಗಬಾರದು ಎಂದು ಅವಳ ಮನಸ್ಸು ಬೇಡುತ್ತಿತ್ತೋ ಆ ಹೆಸರನ್ನು ಅವಳು ತನಗೂ ಹೇಳಿಕೊಳ್ಳಲಿಲ್ಲ. ಟವೆಲು ಮಡಚಿ ಹೆಗಲಿಗೆ ಹಾಕಿಕೊಂಡು ಮೇಲೆ ಹೋದಳು. ತಾನು ಏನು ಮಾಡಿ ಬಂದೆನೆಂದು ಯಾರಿಗೂ ಹೇಳದೆ ಊಟಕ್ಕೆ ಕುಳಿತಳು.

"ನೀರು ನಿಮ್ಮ ಎಡಕ್ಕಿದೆ ಅಕ್ಕ," ಎಂದಳು ಸೊಸೆ.